ಘಾಟು ಹಿಡಿದ ಪೆಟ್ಟಿಗೆ

ಬ್ಯಾಡಗಿಯ ಮನೆಮನೆಗೆ ಕಿವಿಪೆಟ್ಟಿಗೆ ಬಂದಾಗ ಗುರುಸಿದ್ದವ್ವ ಕೇಳಿದ ಮೊದಲ ಪ್ರಶ್ನೆ ಒಂದೇ: "ಇದನ್ನ ಆರಿಸೋ ಗುಂಡಿ ಎಲ್ಲೈತಿ?"

ಗೋಡೆಗೆ ಮೊಳೆ ಹೊಡೆಯುತ್ತಿದ್ದವನು ಕೈ ನಿಲ್ಲಿಸಿದ. "ಆರಿಸೋದು ಇರಂಗಿಲ್ರಿ ಅಮ್ಮಾರ. ನಿಮಗ ಯಾವಾಗ ಮನಸ್ಸಿಗೆ ಬ್ಯಾಸರಾದ್ರೂ ಮಾತಾಡಾಕ ಬರ್ಲಿ ಅಂತ ಯಾವಾಗ್ಲೂ ಚಾಲೂ ಇರ್ತೈತಿ."

"ಅಂದ್ರ ಯಾವಾಗ್ಲೂ ಕೇಳ್ತಿರ್ತೈತಿ ಅನ್ನು."

ಅವನು ಸುತ್ತಿಗೆ ಎತ್ತಿಕೊಂಡು ಮುಂದಿನ ಮನೆಗೆ ಹೋದ. ಸರ್ಕಾರಿ ಕಾಗದದಲ್ಲಿ ಅದರ ಹೆಸರು ದೂರ ಸಾಂತ್ವನ ಯಂತ್ರ. ಊರವರಿಗೆ ಅಷ್ಟುದ್ದ ಬಾಯಿ ತಿರುಗಲಿಲ್ಲ, ಕಿವಿಪೆಟ್ಟಿಗೆ ಎಂದರು. ಅಂಗೈಯಗಲದ ಬಿಳಿ ಡಬ್ಬಿ, ಮೇಲೊಂದು ದೀಪ. ಮನೆಯ ದೊಡ್ಡವರೆಲ್ಲ ದಿನಕ್ಕೊಮ್ಮೆ ಅದರ ಮುಂದೆ ನಿಂತು ನಾಲ್ಕು ಮಾತಾಡಬೇಕು. ಏನು ಮಾತಾಡಿದರೂ ಆಯಿತು. ಮಾತಿಗಿಂತ ಮಾತಿನ ಸಂದಿನಲ್ಲಿ ಉಸಿರು ಹೇಗೆ ಎಳೆಯುತ್ತೀರಿ, ದನಿ ಎಲ್ಲಿ ನಡುಗುತ್ತದೆ, ಮೂಗು ಎಷ್ಟು ಸಲ ಸೊರಗುಟ್ಟುತ್ತದೆ ಎಂಬುದನ್ನು ಅದು ಹಿಡಿಯುತ್ತಿತ್ತು. ಎಲ್ಲ ಸರಿಯಿದ್ದರೆ ಹಸಿರು ದೀಪ. ಮನಸ್ಸು ಕುಸಿಯುತ್ತಿದೆ ಎನ್ನಿಸಿದರೆ ಹಳದಿ. ಗಂಡಾಂತರವಿದ್ದರೆ ಕೆಂಪು, ಆಗ ಧಾರವಾಡದ ಕೇಂದ್ರದಿಂದ ಡಾಕ್ಟರು ಅದೇ ಪೆಟ್ಟಿಗೆಯಲ್ಲಿ ಮಾತಾಡುತ್ತಾರೆ. ದೀಪ ಯಾಕೆ ಇಟ್ಟರು ಎಂದರೆ, ಅಕ್ಕಪಕ್ಕದವರು ನೋಡಿ ನೆರವಿಗೆ ಬರಲಿ ಅಂತ. ಅಕ್ಕಪಕ್ಕದವರನ್ನು ಕಂಡರಿಯದ ಯಾರೋ ಮಾಡಿದ ಯೋಚನೆ ಇದ್ದಿರಬೇಕು.

ಅಕ್ಕಪಕ್ಕದವರು ನೋಡಿದರು. ಅದೇ ಓಣಿಯ ರೇಣವ್ವನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೇ ಅವಳ ಮನೆಯ ದೀಪ ಹಳದಿಯಾಗಿತ್ತು. ಹುಡುಗಿಗೆ ಹೆದರಿಕೆ, ಅಷ್ಟೇ. ಬಂದವರು ತಟ್ಟೆಯ ಉಪ್ಪಿಟ್ಟನ್ನು ಅರ್ಧಕ್ಕೆ ಬಿಟ್ಟು ಎದ್ದರು. ಹುಡುಗಿಗೆ ತಲೆ ಸರಿಯಿಲ್ಲವಂತೆ ಎಂಬ ಮಾತು ಮಾರನೆಯ ದಿನ ಮೆಣಸಿನಕಾಯಿ ಪೇಟೆಯ ತುಂಬ ಓಡಾಡಿತು.

"ಹುಚ್ಚರನ್ನ ಹುಡುಕಾಕ ಮನ್ಯಾಗ ದೀಪ ಹಚ್ಚಿ ಹೋಗ್ಯಾರ," ಎಂದು ಗುರುಸಿದ್ದವ್ವ ಪೇಟೆಯ ಪ್ರಾಂಗಣದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಹೇಳಿದಳು. ಸುತ್ತ ಕೂತ ಹೆಂಗಸರೆಲ್ಲ ಹೌದೌದು ಎಂದರು. ಅವಳು ಈ ಕೆಲಸಕ್ಕೆ ಕೂತು ಮಗನ ವಯಸ್ಸಿನಷ್ಟು ಕಾಲವಾಗಿತ್ತು. ಗಂಡ ಸತ್ತ ಮೇಲೆ ಮಗ ವೀರೇಶನನ್ನು ಈ ಕೆಂಪು ರಾಶಿಯ ಪಕ್ಕದಲ್ಲೇ ಚೀಲದ ಮೇಲೆ ಮಲಗಿಸಿ ಬೆಳೆಸಿದವಳು. ಅವಳ ಮಾತೆಂದರೆ ಅಲ್ಲಿ ತೂಕವಿತ್ತು.

ಆಮೇಲೆ ಸುಗ್ಗಿ ಬಂತು. ಲಾರಿಗಟ್ಟಲೆ ಮೆಣಸಿನಕಾಯಿ ಬಂದು ಬಿತ್ತು, ಊರಿನ ಗಾಳಿಯೇ ಕೆಂಪಾಯಿತು. ಆ ದಿನಗಳಲ್ಲಿ ಬ್ಯಾಡಗಿಯಲ್ಲಿ ಯಾರ ಕಣ್ಣು ಒಣಗಿರುತ್ತದೆ? ಯಾರ ಗಂಟಲು ನೆಟ್ಟಗಿರುತ್ತದೆ? ಪೆಟ್ಟಿಗೆಗಳ ಮುಂದೆ ಇಡೀ ಊರು ಮೂಗು ಸೊರಗುಟ್ಟಿತು, ದನಿ ನಡುಗಿಸಿತು. ಒಂದೇ ವಾರದಲ್ಲಿ ಓಣಿಓಣಿಯ ದೀಪಗಳು ಕೆಂಪಾದವು. ಧಾರವಾಡದಿಂದ ಎರಡು ಜೀಪು ತುಂಬ ಡಾಕ್ಟರುಗಳು ಗಾಬರಿಬಿದ್ದು ಬಂದಿಳಿದರು. ಇಳಿದವರೇ ತಾವೂ ಕೆಮ್ಮತೊಡಗಿದರು, ಕಣ್ಣೊರೆಸಿಕೊಳ್ಳತೊಡಗಿದರು. ವಿಷಯ ತಿಳಿಯಲು ಅಷ್ಟು ಸಾಕಾಯಿತು. ಊರು ನಕ್ಕು ನಕ್ಕು ಸುಸ್ತಾಯಿತು.

ನಾಚಿಕೆಯಾದ ಕೇಂದ್ರದವರು ಪೆಟ್ಟಿಗೆಗೆ ಒಂದು ಮೂಗು ಕೊಟ್ಟರು. ಗಾಳಿಯಲ್ಲಿ ಘಾಟಿದ್ದರೆ ಅದಕ್ಕೆ ಗೊತ್ತಾಗುತ್ತದೆ. ಗೊತ್ತಾದರೆ ದನಿಯ ನಡುಕವನ್ನೂ ಉಸಿರಿನ ಏರುಪೇರನ್ನೂ ಮೂಗಿನ ನೀರನ್ನೂ ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದರ ಒಳಗುಟ್ಟು ಮೊದಲು ಹೊಳೆದದ್ದು ಗುರುಸಿದ್ದವ್ವನಿಗೆ. ಅಕ್ಕ ತೀರಿಹೋದ ದಿನ ಅವಳು ಪೇಟೆಯಿಂದ ಮನೆಯವರೆಗೆ ಅತ್ತುಕೊಂಡೇ ಬಂದಿದ್ದಳು. ಸೀರೆಯ ತುಂಬ ಮೆಣಸಿನಕಾಯಿ ಧೂಳು. ಬಿಕ್ಕುತ್ತಲೇ ಪೆಟ್ಟಿಗೆಗೆ "ಆರಾಮ ಅದೀನಿ" ಎಂದಳು. "ಮನೆಯಲ್ಲಿ ಘಾಟಿದೆ. ನೀವು ಚೆನ್ನಾಗಿದ್ದೀರಿ," ಎಂದು ಪೆಟ್ಟಿಗೆ ಮೆತ್ತಗೆ ಹೇಳಿ ಹಸಿರು ದೀಪ ಹಚ್ಚಿತು. ಗುರುಸಿದ್ದವ್ವ ಅಳು ನಿಲ್ಲಿಸಿ ಅದನ್ನೇ ದಿಟ್ಟಿಸಿದಳು. ಮಾರನೆಯ ದಿನ ಪ್ರಾಂಗಣದಲ್ಲಿ ಎಲ್ಲರಿಗೂ ಹೇಳಿದಳು. "ಮನಸ್ಸು ಕೆಟ್ಟಿದ್ರ ಹೆಂಚಿನ ಮ್ಯಾಲ ನಾಕು ಕಾಯಿ ಹುರೀರಿ, ಆಮ್ಯಾಲ ಮಾತಾಡ್ರಿ. ಅದಕ್ಕ ಏನೂ ತಿಳಿಯಂಗಿಲ್ಲ."

ಅಂದಿನಿಂದ ಬ್ಯಾಡಗಿಯ ದೀಪಗಳೆಲ್ಲ ಹಸಿರೇ ಹಸಿರು. ರೇಣವ್ವನ ಮಗಳಿಗೂ ಬೇರೆ ಕಡೆ ಗಂಡು ಗೊತ್ತಾಯಿತು.

ಪೆಟ್ಟಿಗೆಯ ಬಗ್ಗೆ ಗುರುಸಿದ್ದವ್ವ ಇನ್ನೊಂದು ಮಾತು ಕೇಳಿದ್ದಳು. ಅದು ಯಾರ ದನಿಯನ್ನು ಬೇಕಾದರೂ ತೆಗೆಯಬಲ್ಲದಂತೆ. ಸೊಸೆ ಶೈಲಾ ಹೆತ್ತು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅವಳನ್ನು ಬಾಣಂತಿ ಕೋಣೆಯಲ್ಲಿ ಕೂರಿಸಿಕೊಂಡು ಎಚ್ಚರಿಸಿದ್ದಳು. "ನೋಡು, ನಾ ಮನ್ಯಾಗ ಇಲ್ದಾಗ ಅದು ನನ್ನ ದನಿ ತಗದು ಮಾತಾಡಿದ್ರ ನಂಬಬ್ಯಾಡ. ಆರಾಮ ಅದೀನಿ ಅನ್ನು, ಬಾಯಿ ಮುಚ್ಚು."

"ಹೂನ್ರಿ ಅತ್ತಿ," ಎಂದಿದ್ದಳು ಶೈಲಾ.

ಶೈಲಾಗೆ ತವರಿನಲ್ಲಿ ತಾಯಿಯಿರಲಿಲ್ಲ. ಹಾಗಾಗಿ ಬಾಣಂತನ ಇಲ್ಲೇ. ಗುರುಸಿದ್ದವ್ವ ನಸುಕಿಗೆದ್ದು ಸೊಸೆಗೆ ಎಣ್ಣೆ ಹಚ್ಚಿ, ನೀರು ಹಾಕಿ, ಕೂಸಿಗೆ ಹೊಗೆ ಕೊಟ್ಟು, ಬಾಣಂತಿಗೆಂದು ಅಳವಿ ಬೀಜದ ಪಾಯಸ ಕಾಯಿಸಿಟ್ಟು ಪೇಟೆಗೆ ಓಡುತ್ತಿದ್ದಳು. ಕೈ ಕೆಲಸಕ್ಕೆ ಏನೂ ಕೊರತೆ ಮಾಡಲಿಲ್ಲ. ಮಾತಿಗೆ ಮಾತ್ರ ಅವಳಲ್ಲಿ ಪುರುಸೊತ್ತಿರಲಿಲ್ಲ, ಇದ್ದ ಮಾತೆಲ್ಲ ಬೈಗುಳವೇ. ವೀರೇಶನೋ ಮೆಣಸಿನಕಾಯಿಯ ಬಣ್ಣ ತೆಗೆಯುವ ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ, ಒಳಗೆ ಹೋಗುವಾಗ ಫೋನನ್ನು ಗೇಟಿನಲ್ಲೇ ಇಟ್ಟು ಹೋಗಬೇಕು. ಹಗಲೆಲ್ಲ ಮನೆಯಲ್ಲಿ ಶೈಲಾ, ಕೂಸು, ಪೆಟ್ಟಿಗೆ.

ಒಂದು ಸಂಜೆ ಗುರುಸಿದ್ದವ್ವ ಬಂದಾಗ ಒಲೆಯ ಬಳಿ ಸುಟ್ಟು ಕರಿಕಾದ ಮೆಣಸಿನಕಾಯಿ ಬಿದ್ದಿದ್ದವು.

"ಏನಿದು?"

"ಕೂಸು ಬಾಳ ಹಟ ಮಾಡ್ತಿತ್ರಿ. ದೃಷ್ಟಿ ತಗದೆ."

"ಘಾಟು ಬಂತೇನ?"

"ಇಲ್ರಿ ಅತ್ತಿ. ಒಂದ್ ಚೂರೂ ಬರ್ಲಿಲ್ಲ."

ಗುರುಸಿದ್ದವ್ವ ಕೂಸನ್ನು ಎತ್ತಿ ಎದೆಗೊತ್ತಿಕೊಂಡಳು. ಇಳಿತೆಗೆದ ಮೆಣಸಿನಕಾಯಿ ಬೆಂಕಿಯಲ್ಲಿ ಉರಿದೂ ಘಾಟು ಬರಲಿಲ್ಲವೆಂದರೆ ದೃಷ್ಟಿ ಜೋರಾಗಿ ತಾಕಿದೆ ಎಂದೇ ಅರ್ಥ. "ಹಂಗಾದ್ರ ದಿನಾ ತಗಿ. ಘಾಟು ಬರೂತನಕ ಬಿಡಬ್ಯಾಡ," ಎಂದಳು. ಸೊಸೆಗೆ ಇಷ್ಟಾದರೂ ಗೊತ್ತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು. ಕೂಸು ಮಾತ್ರ ಆ ದಿನಗಳಲ್ಲಿ ಸಣ್ಣಗೆ ಕೆಮ್ಮುತ್ತಿತ್ತು. ಥಂಡಿಯೆಂದು ಅವಳು ಎದೆಗೆ ಅಜವಾನದ ಶಾಖ ಕೊಟ್ಟಳು.

ಮನೆಯಲ್ಲಿ ಘಾಟಿದೆಯೋ ಇಲ್ಲವೋ ಎಂದು ಮೂಸಿ ನೋಡಲು ಅವಳಿಂದ ಆಗುತ್ತಿರಲಿಲ್ಲ. ಅಷ್ಟು ಕಾಲ ಆ ರಾಶಿಯ ಪಕ್ಕ ಕೂತವಳ ಮೂಗು ಮೆಣಸಿನಕಾಯಿಗೆ ಯಾವತ್ತೋ ಸತ್ತುಹೋಗಿತ್ತು.

* * *

ಊರಿನ ಅನುಮಾನ ಕೇಂದ್ರದವರ ಕಿವಿಗೂ ಬಿದ್ದಿತ್ತು. ಜಾಗೃತಿ ಪ್ರವಾಸ ಎಂದು ಹೆಸರಿಟ್ಟು ಅವರು ಒಂದು ಬಸ್ಸು ಕಳಿಸಿದರು. ಬಂದು ಕಣ್ಣಾರೆ ನೋಡಿ, ಕೇಳಬೇಕಾದ್ದು ಕೇಳಿ, ಊಟ ಮಾಡಿ ಹೋಗಿ ಎಂದರು. ಪ್ರಾಂಗಣದ ಹೆಂಗಸರು ಗುರುಸಿದ್ದವ್ವನನ್ನು ಮುಂದಿನ ಸೀಟಿಗೆ ಕೂರಿಸಿದರು. ಅವಳೂ ಜಗಳಕ್ಕೆ ಸೆರಗು ಕಟ್ಟಿಕೊಂಡೇ ಹೊರಟಳು. ಶೈಲಾ ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದಳು. ಕೂಸು ಅಳುತ್ತಿತ್ತು, ಅವಳು ರಸ್ತೆ ನೋಡುತ್ತಿದ್ದಳು.

"ಕೂಸು ಅಳಾಕತ್ತೈತಿ, ಕಿವಿ ಕೇಳ್ಸಂಗಿಲ್ಲೇನ?" ಎಂದು ಗದರಿ ಗುರುಸಿದ್ದವ್ವ ಬಸ್ಸು ಹತ್ತಿದಳು.

ಕೇಂದ್ರವೆಂದರೆ ತಣ್ಣಗಿನ ದೊಡ್ಡ ಕೋಣೆ. ಗೋಡೆಯ ತುಂಬ ಪರದೆಗಳು, ಪರದೆಗಳ ಎದುರು ಕಿವಿಗೆ ಯಂತ್ರ ಹಾಕಿಕೊಂಡ ಹುಡುಗಿಯರು. ವಿವರಿಸಲು ಬಂದವಳು ಡಾಕ್ಟರ್ ಮುಕ್ತಾ ದೇಸಾಯಿ, ಮೂವತ್ತು ದಾಟಿರದ ನಗುಮೊಗದ ಹೆಂಗಸು. ಬ್ಯಾಡಗಿ ಕಡೆಯ ಜಿಲ್ಲೆಯ ನಕ್ಷೆಯಲ್ಲಿ ಅಲ್ಲಲ್ಲಿ ಹಳದಿ, ಕೆಂಪು ಚುಕ್ಕೆಗಳು. ಬ್ಯಾಡಗಿ ಮಾತ್ರ ಅಪ್ಪಟ ಹಸಿರು.

"ನೋಡ್ರಿ ತಾಯಂದಿರಾ. ಇಡೀ ಜಿಲ್ಲಾದಾಗ ನಿಮ್ಮಷ್ಟು ನೆಮ್ಮದಿ ಊರು ಇನ್ನೊಂದಿಲ್ಲ. ಆ ಘಾಟಿನ ಸಮಸ್ಯಾ ನಾವು ಬಗಿಹರಿಸಿದ ಮ್ಯಾಲೆ ಎಲ್ಲಾ ತಿಳಿಯಾತು."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ರೇಣವ್ವನ ಭುಜ ನಗುವಿನಿಂದ ಕುಲುಕುತ್ತಿತ್ತು. ಗುರುಸಿದ್ದವ್ವ ಮಾತ್ರ ನಗಲಿಲ್ಲ.

"ಡಾಕ್ಟ್ರವ್ವಾ, ನೇರ ಕೇಳ್ತೀನಿ. ಅದು ಬ್ಯಾರೇದವರ ದನಿ ತಗದು ಮಾತಾಡ್ತೈತೇನ?"

ಮುಕ್ತಾಳ ನಗು ಒಂದು ಕ್ಷಣ ತಡವರಿಸಿತು. "ಈಗ ಇಲ್ರಿ."

"ಈಗ ಇಲ್ಲ ಅಂದ್ರ?"

"ಮೊದಮೊದಲು ಒಂದೆರಡು ಕಡೆ ಮಾಡಿ ನೋಡಿದ್ವಿ. ಮನಿಯವರ ದನಿ ಕೇಳಿದ್ರ ಜನಾ ಲಗೂನ ಮನಸು ಬಿಚ್ಚತಾರ ಅಂತ. ಅದು ತಪ್ಪು ಅನಸ್ತು, ನಿಲ್ಲಿಸಿದ್ವಿ."

"ಕೇಳಿದ್ರೇನವಾ ಎಲ್ಲಾರೂ?" ಗುರುಸಿದ್ದವ್ವ ತಿರುಗಿ ಕೈ ಬೀಸಿದಳು. ಕೋಣೆಯಲ್ಲಿ ಗುಸುಗುಸು ಎದ್ದಿತು. "ಇನ್ನ ನಮ್ಮ ಮನಿದು ತೋರ್ಸು. ಏನೇನು ಕೂಡಿಟ್ಟೀರಿ ನೋಡೂನು."

ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ ಪರದೆಯಲ್ಲಿ ಎರಡು ಗೆರೆ ಮೂಡಿದವು. "ಇದು ನಿಮ್ಮ ದನಿ. ಬ್ಯಾರೇದವರದು ನಿಮಗ ಕಾಣಂಗಿಲ್ಲ. ಕೆಳಗಿಂದು ನಿಮ್ಮ ಮನಿ ಗಾಳಿ. ಘಾಟಿದ್ದಾಗ ಕೆಂಪಾಗ್ತದ," ಎಂದಳು ಮುಕ್ತಾ.

ಕೆಳಗಿನ ಗೆರೆ ನಡುನಡುವೆ ಕೆಂಪಾಗಿತ್ತು. ದಿನವೂ ಒಂದೇ ಹೊತ್ತಿಗೆ, ಒಲೆಗೆ ಹಿಡಿದ ಕಬ್ಬಿಣದಷ್ಟು ಕೆಂಪು.

"ಇದು ಯಾವ ಹೊತ್ತು?"

"ಮಧ್ಯಾಹ್ನರಿ."

ಮಧ್ಯಾಹ್ನ ಗುರುಸಿದ್ದವ್ವ ಪೇಟೆಯಲ್ಲಿರುತ್ತಾಳೆ. ವೀರೇಶ ಕಾರ್ಖಾನೆಯಲ್ಲಿ. ಬಾಣಂತಿಯಿರುವ ಮನೆಯಲ್ಲಿ ಮೆಣಸಿನಕಾಯಿ ಹುರಿಯುವವರು ಯಾರೂ ಇಲ್ಲ. ದೃಷ್ಟಿಗೆಂದರೆ ಒಂದು ಹಿಡಿ ಕಾಯಿ, ಅದಕ್ಕೂ ಘಾಟು ಬರಲೇ ಇಲ್ಲವೆಂದು ಶೈಲಾ ದಿನವೂ ಹೇಳಿದ್ದಳು.

"ಈ ಪೆಟ್ಟಿಗಿ ಮೂಗು ಸುಳ್ಳು ಹೇಳ್ತೈತೇನ?" ಎಂದಳು.

"ದನಿ ಗುರುತಿಸೂದ್ರಾಗ ತಪ್ಪಬಹುದು. ಘಾಟಿನ್ಯಾಗ ತಪ್ಪಂಗಿಲ್ರಿ. ಇಷ್ಟು ಕೆಂಪ ಆಗಬೇಕಂದ್ರ ಹೆಂಚಿನ ತುಂಬ ಹುರದಿರಬೇಕು."

ಕೂಸಿನ ಕೆಮ್ಮು ನೆನಪಾಯಿತು. ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದ ಮುಖ ನೆನಪಾಯಿತು. ಹೆಂಚಿನ ಮೇಲೆ ನಾಲ್ಕು ಕಾಯಿ ಹುರಿಯಿರಿ, ಆಮೇಲೆ ಮಾತಾಡಿರಿ. ಊರಿಗೆಲ್ಲ ಹೇಳಿಕೊಟ್ಟದ್ದು ಯಾರು? ಗುರುಸಿದ್ದವ್ವ ಮುಕ್ತಾಳ ಕೈ ಹಿಡಿದುಕೊಂಡಳು.

"ನಮ್ಮ ಸೊಸಿ ದನಿ ಮತ್ತೊಮ್ಮಿ ನೋಡವಾ. ಘಾಟು ತಗದು ನೋಡು. ಆಕಿ ಘಾಟಿನ ಹಿಂದ ಕುಂತು ಅಳಾಕತ್ತಾಳ."

ಮುಕ್ತಾ ತಕ್ಷಣ ಪಕ್ಕದ ಪರದೆಗೆ ಹೋದಳು. ಮೂಗಿನ ಲೆಕ್ಕ ಬಿಟ್ಟು ಹಳೆಯ ದನಿಗಳನ್ನೆಲ್ಲ ಯಂತ್ರಕ್ಕೆ ಮತ್ತೆ ಕೇಳಿಸಿದಳು. ನಡುಕ ಒಂದೇ ಆಗಿದ್ದರೆ ಘಾಟಿನದೋ ಅಳುವಿನದೋ ಎಂದು ಈಗಲೂ ಗೊತ್ತಾಗುತ್ತಿರಲಿಲ್ಲ. ಆದರೆ ಮಾತಿನ ಸಂದುಗಳು ದಿನದಿನಕ್ಕೆ ಉದ್ದವಾಗುತ್ತಾ ಬಂದಿದ್ದವು, ಕಡೆಕಡೆಗೆ ಉಸಿರು ಮಾತ್ರ.

"ಅಮ್ಮಾ, ಇದನ್ನ ನಿಮಗ ತೋರಿಸೂ ಹಂಗಿಲ್ಲ ನಾನು."

"ತೋರಿಸಬ್ಯಾಡ. ನಿನ್ನ ಮಾರಿ ನೋಡಿದ್ರ ಸಾಕು."

ಶೈಲಾಳ ಫೋನು ಬಂದ್ ಆಗಿತ್ತು. ವೀರೇಶನ ಫೋನು ಗೇಟಿನಲ್ಲಿ ರಿಂಗಾಗಿ ರಿಂಗಾಗಿ ನಿಂತಿತು. ಓಣಿಯ ಹೆಂಗಸರಲ್ಲಿ ಅರ್ಧ ಪೇಟೆಯಲ್ಲಿ, ಅರ್ಧ ಇಲ್ಲೇ. ಊರಿನ ಆಸ್ಪತ್ರೆಯಿಂದ ನರ್ಸಮ್ಮನನ್ನು ಮನೆಗೆ ಕಳಿಸಿದರು. ಬಾಗಿಲು ಒಳಗಿನಿಂದ ಚಿಲಕ ಹಾಕಿದೆ, ಕರೆದರೆ ಓಗೊಡುತ್ತಿಲ್ಲ ಎಂದು ಅವಳು ತಿಳಿಸಿದಳು. ಉಳಿದದ್ದು ಒಂದೇ, ಆರಿಸುವ ಗುಂಡಿಯಿಲ್ಲದ ಆ ಪೆಟ್ಟಿಗೆ.

ಮುಕ್ತಾ ಮೊದಲು ಮಾತಾಡಿದಳು. ಕಲಿತ ದನಿ, ಬೆಣ್ಣೆಯಂಥ ದನಿ. ಕೂಸು ಅಳುವುದು ಮಾತ್ರ ಕೋಣೆಯ ತುಂಬ ಕೇಳಿಸಿತು. ಬಸ್ಸಿನಲ್ಲಿ ಬಂದ ಹೆಂಗಸರೆಲ್ಲ ಹಿಂದೆ ಒತ್ತಿ ನಿಂತಿದ್ದರು.

"ಸರಿ ಅತ್ಲಾಗ," ಎಂದು ಗುರುಸಿದ್ದವ್ವ ಮೈಕಿನ ಮುಂದೆ ಬಗ್ಗಿದಳು. ಮುಕ್ತಾಳ ದನಿ ಕೇಳಿ ಕೇಳಿ ತಾನೂ ದನಿ ಮೆತ್ತಗೆ ಮಾಡಿದಳು. "ಶೈಲಾ, ನಾನವಾ, ನಿಮ್ಮತ್ತಿ. ಬಾಗ್ಲಾ ತಗಿ ನನ ಬಂಗಾರ."

ಆ ಕಡೆಯಿಂದ ಶೈಲಾಳ ದನಿ ಬಂತು. "ನೀ ಅತ್ತಿ ಅಲ್ಲ. ಪೆಟ್ಟಿಗಿ."

"ಅಲ್ಲವಾ, ನಾನ..."

"ಅತ್ತಿನ ಹೇಳ್ಯಾರ. ನೀ ಯಾರ ದನಿ ಬೇಕಾದ್ರೂ ತಗೀತಿ ಅಂತ."

"ನಿನ್ನ ತವರು ರಾಣೆಬೆನ್ನೂರು. ನಿಮ್ಮಪ್ಪನ ಹೆಸರು..."

"ಅದೆಲ್ಲಾ ನಿನಗ ಗೊತ್ತಿರ್ತೈತಿ. ಹಗಲೆಲ್ಲಾ ಕೇಳ್ತಿ ಅಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. "ನಮ್ಮತ್ತಿ ಒಂದಿನಾನೂ ನನ್ನ ಬಂಗಾರ ಅಂದಿಲ್ಲ. ಇಷ್ಟು ಮೆತ್ತಗ ಮಾತಾಡಿಲ್ಲ. ನೀ ಸುಮ್ನಾಗು. ನನಗ ಸಾಕಾಗೇತಿ."

ಗುರುಸಿದ್ದವ್ವನಿಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಮುಕ್ತಾ ಏನೋ ಸನ್ನೆ ಮಾಡಿದಳು. ಗುರುಸಿದ್ದವ್ವ ನೋಡಲಿಲ್ಲ. ಸೆರಗು ಸೊಂಟಕ್ಕೆ ಬಿಗಿದಳು, ಮೈಕನ್ನು ಮುಷ್ಟಿಯಲ್ಲಿ ಹಿಡಿದಳು.

"ಏ ಶೈಲಿ! ಕಿವ್ಯಾಗ ಹತ್ತಿ ತುರಕೊಂಡೀಯೇನ? ಮುಂಜಾನಿಂದ ಆ ಅಳವಿ ಪಾಯಸ ಮುಟ್ಟೀಯೋ ಇಲ್ಲೋ? ಹಂಗ ಇಟ್ಟಿದ್ರ ಬಂದು ನಿನ್ನ ತಲಿ ಮ್ಯಾಲ ಸುರೀತೀನಿ! ಇಂಥಾ ಥಂಡ್ಯಾಗ ಬಾಣಂತಿ ನೆಲದ ಮ್ಯಾಲ ಕುಂತೀಯೇನ, ಏಳು ಮೊದಲ! ತಲಿಗೆ ಅರಬಿ ಕಟ್ಟೀಯೋ, ಅದನ್ನೂ ನಾನ ಬಂದು ಕಟ್ಟಬೇಕೋ?"

ಪರದೆಗಳ ಮುಂದಿನ ಹುಡುಗಿಯರೆಲ್ಲ ಬೆಚ್ಚಿ ತಿರುಗಿದರು. ಮುಕ್ತಾ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಆಮೇಲೆ ಪೆಟ್ಟಿಗೆಯ ಆ ಕಡೆಯಿಂದ ತೀರ ಸಣ್ಣಗೆ: "ಅತ್ತೀ?"

"ಮತ್ಯಾರು!"

ಅಲ್ಲಿಂದ ಅಳು ಒಡೆಯಿತು. "ಅತ್ತೀ, ಕೂಸು ಅಳ್ತೈತ್ರಿ. ಅದು ಎಲ್ಲೋ ಬ್ಯಾರೇ ಮನ್ಯಾಗ ಅತ್ತಂಗ ಆಗ್ತೈತ್ರಿ. ನಂಗ ಅದನ್ನ ಎತ್ಗೊಳಾಕ ಅಂಜಿಕಿ. ನಾ ಇರಬಾರ್ದು ಅನ್ಸಾಕತ್ತೈತ್ರಿ."

ಹಿಂದೆ ನಿಂತವರು ಊರಿನವರು. ನಾಳೆ ಬೆಳಗಾದರೆ ಪೇಟೆಯಲ್ಲಿ ಮಗ್ಗುಲಲ್ಲೇ ಕೂತು ತೊಟ್ಟು ಮುರಿಯುವವರು. ರೇಣವ್ವನ ಮಗಳಿಗೆ ಏನಾಯಿತೆಂದು ಗುರುಸಿದ್ದವ್ವನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಹಿಂದಕ್ಕೊಮ್ಮೆ ನೋಡಿ ಮತ್ತೆ ಮೈಕಿಗೆ ಬಗ್ಗಿದಳು.

"ಕೇಳು," ಎಂದಳು ಕಡೆಗೆ. "ವೀರೇಶ ಹುಟ್ಟಿದಾಗ ನಾನೂ ಹಿಂಗ ಚಿಲಕ ಹಾಕ್ಕೊಂಡು ಕುಂತಿದ್ದೆ. ಅವನ ಮಾರಿ ನೋಡಾಕ ಮನಸ್ಸಿದ್ದಿಲ್ಲ ನನಗ. ಸತ್ತುಹೋಗಬೇಕು ಅನಸ್ತಿತ್ತು. ಕಣ್ಣು ಯಾಕ ಕೆಂಪಾಗ್ಯಾವ ಅಂತ ಕೇಳಿದವರಿಗೆಲ್ಲಾ ಘಾಟು ಅಂತ ಹೇಳಿದೆ. ನಿಮ್ಮ ಮಾವಗೂ ಹಂಗ ಹೇಳಿದೆ. ಆ ಕೂಸಿನ್ನ ನಾ ಹಂಗ ಬೆಳಿಸಿ ನಿನಗ ಕೊಟ್ಟೀನಿ. ನೀ ಘಾಟು ಹಾಕಿ ಮುಚ್ಚಬ್ಯಾಡ. ಏಳು. ನರ್ಸಮ್ಮ ಹೊರಗ ನಿಂತಾಳ, ಚಿಲಕ ತಗಿ. ನಾ ಬೈಕೋತ ಇರ್ತೀನಿ, ನೀ ನಡಿ."

ಅವಳು ನಿಜಕ್ಕೂ ಬೈಯುತ್ತಲೇ ಇದ್ದಳು. ಪಾಯಸಕ್ಕೆ, ತಲೆಯ ಬಟ್ಟೆಗೆ, ಒಗೆಯದ ಕೂಸಿನ ಅರಿವೆಗೆ, ಬಾಯಿಗೆ ಬಂದದ್ದಕ್ಕೆಲ್ಲ ಬೈದಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಬಾಗಿಲ ಚಿಲಕ ಕಿರಗುಟ್ಟಿದ ಸದ್ದು ಕೇಳಿಸುವವರೆಗೂ ಬೈದಳು. ಆಮೇಲೆ ನರ್ಸಮ್ಮನ ದನಿ, ಕೂಸನ್ನು ಸಮಾಧಾನಪಡಿಸುವ ದನಿ ಕೇಳಿಸಿತು. ಗುರುಸಿದ್ದವ್ವ ಮೈಕು ಬಿಟ್ಟು ನೆಲಕ್ಕೆ ಕೂತಳು.

* * *

ಊಟಕ್ಕೆ ಯಾರೂ ನಿಲ್ಲಲಿಲ್ಲ. ಬಸ್ಸು ಊರ ಕಡೆ ತಿರುಗಿತು. ಹಿಂದೆ ಕೂತವರ ಮೌನದ ಅರ್ಥವೇನೋ ಎಂದು ಗುರುಸಿದ್ದವ್ವ ಬೆನ್ನಲ್ಲೇ ಅಳೆಯುತ್ತಾ ಕೂತಿದ್ದಳು. ಮೋಟೆಬೆನ್ನೂರು ದಾಟಿದ ಮೇಲೆ ರೇಣವ್ವ ಬಂದು ಪಕ್ಕಕ್ಕೆ ಕೂತಳು. "ನಮ್ಮ ಮನಿ ಹೆಂಚೂ ದಿನಾ ಕಾಯ್ತೈತಿ ಅಕ್ಕಾ," ಎಂದಷ್ಟೇ ಹೇಳಿ ಕಿಟಕಿಯತ್ತ ಮುಖ ಮಾಡಿದಳು.

ಶೈಲಾಳನ್ನೂ ಕೂಸನ್ನೂ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ವೀರೇಶ ಪಕ್ಕದಲ್ಲಿದ್ದ. ಗುರುಸಿದ್ದವ್ವ ಸೊಸೆಯ ತಲೆಗೆ ಬಟ್ಟೆ ಬಿಗಿದು ಕಟ್ಟಿ, ಬದಲಿ ಅರಿವೆ ತರಲು ಮನೆಗೆ ಬಂದಳು. ಒಲೆಯ ಮೇಲೆ ಹೆಂಚು ಹಾಗೇ ಇತ್ತು, ಅದರ ತುಂಬ ಕರಿಕು. ಮುಖದ ಹತ್ತಿರ ಹಿಡಿದು ಜೋರಾಗಿ ಉಸಿರೆಳೆದುಕೊಂಡಳು. ಏನೂ ಗೊತ್ತಾಗಲಿಲ್ಲ. ಅದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಅಳಿಸಿತು. ಹೆಂಚನ್ನು ಹಿತ್ತಲಿಗೆ ಒಯ್ದು ತಿಕ್ಕಿ ತೊಳೆದಳು, ಕಿಟಕಿ ತೆಗೆದಳು, ಮುಂಬಾಗಿಲನ್ನು ಓಣಿಗೆ ಕಾಣುವಂತೆ ಅಗಲಕ್ಕೆ ತೆರೆದಿಟ್ಟಳು. ಎದುರು ಕಟ್ಟೆಯ ಮೇಲೆ ಜನ ಕೂತಿದ್ದರು.

"ನಮಸ್ಕಾರ. ಇವತ್ತು ಹೇಗಿದ್ದೀರಿ?" ಎಂದಿತು ಪೆಟ್ಟಿಗೆ, ಎಂದಿನ ಮೆತ್ತನೆಯ ದನಿಯಲ್ಲಿ.

"ನಾ ಗುರುಸಿದ್ದವ್ವ. ಮನಿ ಗಾಳಿ ಮೂಸಿ ನೋಡ್ಕೊ ಮೊದಲ. ನನಗ ತಿಳಿಯಂಗಿಲ್ಲ."

"ಮನೆಯಲ್ಲಿ ಘಾಟಿಲ್ಲ."

"ಹಾಂ. ಇದು ಘಾಟಲ್ಲ, ಅಳು. ನಂದ. ಬಾಳ ಹಳೇದು." ದೀಪ ಹಳದಿಗೆ ತಿರುಗಿತು, ನೋಡುತ್ತಿದ್ದಂತೆ ಕೆಂಪಾಯಿತು. ಕಟ್ಟೆಯ ಮೇಲಿನವರು ಇತ್ತ ತಿರುಗಿದರು. ಗುರುಸಿದ್ದವ್ವ ಬಾಗಿಲು ಮುಂದೆ ಮಾಡಲು ಏಳಲಿಲ್ಲ.

"ನಾನು ಕೇಳುತ್ತಿದ್ದೇನೆ, ಹೇಳಿ," ಎಂದಿತು ಪೆಟ್ಟಿಗೆ.

"ನಿನಗಲ್ಲ," ಎಂದಳು ಅವಳು, ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾ. "ನಿನ್ನ ಮ್ಯಾಲ ನನಗ ಇನ್ನೂ ನಂಬಿಕಿಲ್ಲ. ಆ ಮುಕ್ತಾನ್ನ ಕರಿ."